ನಲವತ್ತು ಪೀಸಿನ ಸೆಟ್ ಬೇಡ, ನಾಲ್ಕು ಎಲನ್ ಬಿಟ್ ಸಾಕೆಟ್ ಸಾಕು

ಸಿರಸಿ ಕಡೆ ತೋಟದ ಮನೆಗಳಲ್ಲಿ ಮೊದಲು ಹತ್ತು-ಹನ್ನೊಂದರ ಒಂದು ಸ್ಪಾನರ್, ಹನ್ನೆರಡು-ಹದಿಮೂರರ ಇನ್ನೊಂದು, ಜೊತೆಗೆ ಒಂದು ಸ್ಕ್ರೂಡ್ರೈವರ್ ಇದ್ದರೆ ಅರ್ಧ ರಿಪೇರಿ ಮನೆಯಲ್ಲೇ ಮುಗಿಯುತ್ತಿತ್ತು. ಈಗ ಹಾಗಿಲ್ಲ. ಕಳೆ ಕೊಚ್ಚುವ ಮಶಿನ್, ಅಡಿಕೆ ಸುಲಿಯುವ ಮಶಿನ್, ಬೈಕು, ಮಕ್ಕಳ ಸೈಕಲ್ಲು, ಕೊನೆಗೆ ಬಾಗಿಲ ಹಿಡಿಕೆ ಕೂಡ ಎಲನ್ ಬೋಲ್ಟಿನ ಮೇಲೇ ನಿಂತಿದೆ. ಬೋಲ್ಟಿನ ತಲೆಯೊಳಗೆ ಆರು ಮೂಲೆಯ ಗುಂಡಿ, ಅದಕ್ಕೊಂದು ಎಲ್ ಆಕಾರದ ಕೀ. ಆ ಕೀ ಗೊಂಚಲು ಎಲ್ಲರ ಮನೆಯಲ್ಲೂ ಇರುತ್ತದೆ. ಸಾಧಾರಣ ಕೆಲಸಕ್ಕೆ ಸಾಕು. ಆದರೆ ನಾಲ್ಕು ತಿಂಗಳು ಮಳೆ ಕುಡಿದು ಕಚ್ಚಿಕೊಂಡ ಬೋಲ್ಟಿಗೆ ಅದು ಸಾಲದು. ಕೀ ಬಗ್ಗಿ ಸ್ಪ್ರಿಂಗಿನಂತಾಗುತ್ತದೆ, ಕೈ ನೋಯುತ್ತದೆ, ಇಕ್ಕಟ್ಟಿನ ಜಾಗದಲ್ಲಿ ಪ್ರತಿ ಸುತ್ತಿಗೂ ತೆಗೆದು ಹಾಕಬೇಕು.

ರಾಚೆಟ್ ಅಂದರೆ ತೆಗೆದು ಹಾಕದೆ ಹಿಂದೆ ಮುಂದೆ ಆಡಿಸಿ ಒಂದೇ ದಿಕ್ಕಿಗೆ ತಿರುಗಿಸುವ ಹಿಡಿ. ಅದಕ್ಕೆ ಸಿಕ್ಕಿಸುವ ಸಣ್ಣ ಎಲನ್ ಬಿಟ್ ಸಾಕೆಟ್ (ಕೀಯಂಥ ಗಿಡ್ಡ ತುಂಡು ಕೂರಿಸಿದ ಬಟ್ಟಲು) ಇದ್ದರೆ ಕೆಲಸ ಹಗುರ. ಯಾವ ಸೈಜ್ ತೆಗೆದುಕೊಳ್ಳಬೇಕು, ಯಾವುದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಯಾವುದು ಸುಮ್ನೆ ದುಡ್ಡು ದಂಡ ಅನ್ನುವುದನ್ನು ಬರೆದಿಟ್ಟಿದ್ದೇನೆ. ಪಕ್ಕದ ಮನೆ ಭಾವನ ಕಳೆ ಮಶಿನ್ ಗೇರ್ ಹೆಡ್ ಬಿಚ್ಚಿದ ಕಥೆಯೂ ನಡುವೆ ಬರುತ್ತದೆ.

ಮೊದಲು ಬೋಲ್ಟ್ ಎಣಿಸಿದ್ದು

ಅಂಗಡಿಗೆ ಹೋಗುವ ಮೊದಲು ಕೀ ಗೊಂಚಲು ಮತ್ತು ಒಂದು ಹಳೇ ನೋಟ್‌ಬುಕ್ ಹಿಡಿದು ಮನೆ, ಕೊಟ್ಟಿಗೆ, ಪಂಪ್ ಮನೆ ಎಲ್ಲ ಸುತ್ತಿದೆ. ಕಂಡ ಎಲನ್ ಬೋಲ್ಟಿಗೆಲ್ಲ ಕೀ ಹಾಕಿ ನೋಡಿ ಸೈಜ್ ಬರೆದುಕೊಂಡೆ. "ಇದೇನು, ಜನಗಣತಿ ಶುರುವಾಯ್ತಾ?" ಅಂತ ಮನೆಯವಳು ಕೇಳಿದಳು. ಕೇಳಲಿ. ಈ ಪಟ್ಟಿ ಇಲ್ಲದೆ ಅಂಗಡಿಗೆ ಹೋದರೆ ನಾವು ಕೊಳ್ಳುವುದು ನಮಗೆ ಬೇಕಾದದ್ದನ್ನಲ್ಲ, ಅವರ ಬಳಿ ಇದ್ದದ್ದನ್ನು.

ಪಟ್ಟಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬಂದದ್ದು 5 ಮಿಮೀ. ಅದರ ಹಿಂದೆಯೇ 4. ಆಮೇಲೆ 6. ಪುಲ್ಲಿಗಳನ್ನು (ಬೆಲ್ಟಿನ ಚಕ್ರಗಳನ್ನು) ಶಾಫ್ಟಿಗೆ ಹಿಡಿಯುವ ಗ್ರಬ್ ಸ್ಕ್ರೂಗಳಲ್ಲಿ 3, 4 ಎರಡೂ ಇದ್ದವು. ಬಾಗಿಲ ಹಿಡಿಕೆ, ನಲ್ಲಿಯ ಹಿಡಿಕೆಗಳಲ್ಲಿ 2, 2.5. ಸೈಕಲ್ಲಿನ ಕ್ರ್ಯಾಂಕಿನಲ್ಲಿ 8. ಹತ್ತರದ್ದು ಇಡೀ ಮನೆ ಹುಡುಕಿದರೂ ಒಂದೂ ಸಿಗಲಿಲ್ಲ.

5 ಯಾಕೆ ಅಷ್ಟು ಜಾಸ್ತಿ ಅಂದರೆ, ಒಂದೇ ಕೀ ಮೂರು ಜಾತಿಯ ಬೋಲ್ಟಿಗೆ ಬರುತ್ತದೆ. ಡಬ್ಬಿ ಆಕಾರದ ಎತ್ತರ ತಲೆಯ ಮಾಮೂಲಿ ಎಲನ್ ಬೋಲ್ಟ್ ಎಂ6 (ಅಂದರೆ 6 ಮಿಮೀ ದಪ್ಪದ್ದು) ಆದರೆ ಅದರ ಕೀ 5. ಗುಮ್ಮಟದಂಥ ತಗ್ಗು ತಲೆಯ ಬಟನ್ ಹೆಡ್ ಎಂ8 ಆದರೆ ಅದಕ್ಕೂ 5. ತಲೆಯೇ ಇಲ್ಲದ ಗ್ರಬ್ ಸ್ಕ್ರೂ ಎಂ10 ಆದರೆ ಅದಕ್ಕೂ 5. ಇದೇ ಥರ 4ರ ಕೀ ಎಂ5 ಮಾಮೂಲಿ, ಎಂ6 ಬಟನ್, ಎಂ8 ಗ್ರಬ್ ಮೂರಕ್ಕೂ ಬರುತ್ತದೆ. 3ರದ್ದು ಎಂ4, ಎಂ5, ಎಂ6ಕ್ಕೆ. 6ರದ್ದು ಎಂ8, ಎಂ10, ಎಂ12ಕ್ಕೆ. ಅಂಗಡಿಯಲ್ಲಿ "ಆರರ ಎಲನ್" ಅಂದರೆ ಕೆಲವರು ಬೋಲ್ಟಿನ ದಪ್ಪ ಅಂದುಕೊಳ್ಳುತ್ತಾರೆ, ಕೆಲವರು ಕೀ ಸೈಜ್ ಅಂದುಕೊಳ್ಳುತ್ತಾರೆ. "ಕೀ ಐದರದ್ದು, ಬೋಲ್ಟ್ ಎಂ6" ಅಂತ ಎರಡನ್ನೂ ಹೇಳಿಬಿಡುವುದು ಒಳ್ಳೆಯದು.

ಅಂಗಡಿಯಲ್ಲಿ

"ಹೆಗಡೇರೇ, ಇಡೀ ಸೆಟ್ಟೇ ತಗೊಳ್ಳಿ. ಬಿಡಿ ತಗೊಂಡ್ರೆ ನಿಮಗೇ ಲಾಸು." ಅಂಗಡಿಯವರು ಹೇಳುವುದರಲ್ಲಿ ಲೆಕ್ಕ ಸರಿಯೇ ಇದೆ. ನಲವತ್ತು ಪೀಸಿನ ಡಬ್ಬಿಯ ರೇಟಿಗೆ ಒಳ್ಳೆಯ ಬಿಡಿ ಬಿಟ್ ಕೆಲವೇ ಬರುತ್ತವೆ. ಮಾರಿಕಾಂಬಾ ಜಾತ್ರೆಗೆ ಬರುವ ಸಾಮಾನಿನ ಅಂಗಡಿಗಳಲ್ಲಂತೂ ಅದೇ ಥರದ ಡಬ್ಬಿ ಇನ್ನೂ ಕಡಿಮೆಗೆ ಸಿಗುತ್ತದೆ. ಆದರೆ ಡಬ್ಬಿ ತೆರೆದು ನೋಡಿ. ಒಂದಷ್ಟು ಇಂಚಿನ ಬಿಟ್. ಒಂದಷ್ಟು ನಕ್ಷತ್ರದ ಬಿಟ್. ಉಳಿದದ್ದರಲ್ಲಿ 7, 9ರಂಥ, ನಾವು ಯಾವತ್ತೂ ಮುಟ್ಟದ ಸೈಜ್. ನಿಜವಾಗಿ ದುಡಿಯುವ 4, 5, 6 ಒಂದೊಂದೇ ಇರುತ್ತದೆ, ಅದೂ ಉಳಿದವುಗಳಷ್ಟೇ ಕಳಪೆ ಉಕ್ಕಿನದ್ದು. ಐದರದ್ದು ಮುರಿದ ದಿನ ಉಳಿದವೆಲ್ಲ ಶೋಕೇಸಿಗೆ.

ಇಂಚಿನ ಬಿಟ್ ಬಗ್ಗೆ ಒಂದು ಮಾತು. 5/32 ಇಂಚು ಅಂದರೆ 3.97 ಮಿಮೀ. 4ರ ಬದಲು ಹಾಕಿದರೆ ಗೊತ್ತೂ ಆಗುವುದಿಲ್ಲ. 5/16 ಅಂದರೆ 7.94, ಅದನ್ನು 8ರ ಬದಲು ಹೇಗೋ ಒಪ್ಪಬಹುದು. ಆದರೆ 3/16 ಅಂದರೆ 4.76. ಅದು 5ರ ಗುಂಡಿಯೊಳಗೆ ಸಲೀಸಾಗಿ ಹೋಗುತ್ತದೆ, ತಿರುಗಿಸಿದರೆ ಮೂಲೆ ಆರನ್ನೂ ಸವರಿ ಹಾಕುತ್ತದೆ. ಡಬ್ಬಿಯಲ್ಲಿ ಎರಡೂ ಪಕ್ಕಪಕ್ಕ ಕೂತಿರುತ್ತವೆ, ಮಸಿ ಹಿಡಿದ ಮೇಲೆ ನಂಬರ್ ಕಾಣುವುದಿಲ್ಲ. ನನ್ನ ಪ್ರಕಾರ ಹಳೇ ಇಂಗ್ಲಿಷ್ ಮಶಿನ್ ಇಲ್ಲದ ಮನೆಯಲ್ಲಿ ಇಂಚಿನ ಎಲನ್ ಬಿಟ್ ಇರಲೇಬಾರದು.

ಸೂಕ್ಷ್ಮ ಅಳತೆ ತೆಗೆಯುವ ವರ್ನಿಯರ್ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅಂಗಡಿಯವರಿಗೆ ಸ್ವಲ್ಪ ಕಿರಿಕಿರಿ ಆಯಿತು, ಆದರೂ ಅಳೆಯಲು ಬಿಟ್ಟರು. ಒಳ್ಳೆಯ ಎಂ6 ಬೋಲ್ಟಿನ ಗುಂಡಿ 5.02ರಿಂದ 5.14ರ ಒಳಗೆ ಇರಬೇಕು ಅಂತ ಲೆಕ್ಕ. ಅದಕ್ಕೆ ಹೋಗುವ ಕೀ 4.95ರಿಂದ 5.00. ಅಂದರೆ ಎಲ್ಲ ಸರಿ ಇದ್ದರೂ ಎರಡರ ನಡುವೆ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ. ಸೆಟ್ಟಿನ ಡಬ್ಬಿಯ ಐದರ ಬಿಟ್ 4.86 ತೋರಿಸಿತು. ಬಿಡಿಯಾಗಿ ಸಿಕ್ಕ ಇನ್ನೊಂದು 4.97. ನೋಡುವುದಕ್ಕೆ ಎರಡೂ ಒಂದೇ ಥರ ಹೊಳೆಯುತ್ತಿದ್ದವು. ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗ ಏನು ಮಹಾ ಅನ್ನಿಸಬಹುದು. ಆದರೆ ಬಿಟ್ ಗುಂಡಿಯೊಳಗೆ ಸ್ವಲ್ಪ ಹೊರಳಿ ಮೂಲೆಯಿಂದ ಮಾತ್ರ ಒತ್ತುವುದು, ಮೂಲೆ ಸವೆಯುವುದು ಎಲ್ಲ ಶುರುವಾಗುವುದು ಅಲ್ಲಿಂದಲೇ.

ಉಕ್ಕಿನ ವಿಷಯಕ್ಕೆ ಬಂದರೆ, ಬಿಟ್ ಭಾಗದ ಮೇಲೆ ಎಸ್2 ಅಂತ ಕೊರೆದಿದ್ದರೆ ಆಯ್ಕೆ ಸುಲಭ. ಅದು ಪೆಟ್ಟು ತಡೆಯಲು ಮಾಡಿದ ಟೂಲ್ ಸ್ಟೀಲ್. ಹೊರಗಿನ ಸಾಕೆಟ್ ಕ್ರೋಮ್ ವನೇಡಿಯಂ ಇದ್ದರೆ ಸಾಕು, ಅದಕ್ಕೆ ಅಷ್ಟು ಗಟ್ಟಿತನ ಬೇಡ. ಪೂರ್ತಿ ಕ್ರೋಮ್ ವನೇಡಿಯಂ ಬಿಟ್ ಸ್ವಲ್ಪ ಮೆತ್ತಗೆ, ಮುರಿಯುವ ಮೊದಲು ತಿರುಚಿಕೊಳ್ಳುತ್ತದೆ. ಎಸ್2 ಹಾಗಲ್ಲ, ಮಿತಿ ದಾಟಿದರೆ ಟಪ್ಪಂತ ಮುರಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಇನ್ನೊಂದು ನೋಡಬೇಕಾದದ್ದು, ಬಿಟ್ ಸಾಕೆಟ್ಟಿಗೆ ಹೇಗೆ ಸೇರಿದೆ ಅನ್ನುವುದು. ಕೆಲವು ಒತ್ತಿ ಕೂರಿಸಿದವು, ಕೆಲವಕ್ಕೆ ಪಕ್ಕದಲ್ಲಿ ಸಣ್ಣ ಸ್ಕ್ರೂ ಅಥವಾ ಪಿನ್ ಇರುತ್ತದೆ. ಹಿಂದಿನ ಚೌಕದ ತೂತಿನಿಂದ ಇಣುಕಿದಾಗ ಬಿಟ್ಟಿನ ಬುಡ ಕಂಡರೆ ಒಳ್ಳೆಯದು. ನಾಳೆ ಮುರಿದರೆ ಆ ಕಡೆಯಿಂದ ಪಂಚ್ ಇಟ್ಟು ಹೊಡೆದು ಹೊರಗೆ ಹಾಕಿ ಹೊಸ ತುಂಡು ಕೂರಿಸಬಹುದು.

ಕಾಲಿಂಚು ಅಂದರೆ ಎರಡು ಥರ. ರಾಚೆಟ್ಟಿನ ಚೌಕದ ಕಾಲಿಂಚು, ಅಂದರೆ 6.35 ಮಿಮೀ ಚೌಕ. ಸ್ಕ್ರೂಡ್ರೈವರ್ ಬಿಟ್ಟುಗಳ ಬುಡವೂ ಕಾಲಿಂಚೇ, ಆದರೆ ಅದು ಆರು ಮೂಲೆ. ಫೋನಿನಲ್ಲಿ "ಕಾಲಿಂಚಿನ ಎಲನ್ ಬಿಟ್ ಕಳಿಸಿ" ಅಂದರೆ ಎರಡರಲ್ಲಿ ಯಾವುದೂ ಬರಬಹುದು. ಸಿರಸಿ ಪೇಟೆಯಲ್ಲಿ ನನಗೆ ಸಿಕ್ಕವು ಗ್ಯಾರೇಜಿನವರು ಬಳಸುವ ಅರ್ಧ ಇಂಚಿನ ಚೌಕದವು. ಐದರ ಬಿಟ್ಟಿಗೆ ಅರ್ಧ ಇಂಚಿನ ರಾಚೆಟ್ ಹಾಕಿದರೆ ಹಿಡಿ ಉದ್ದ, ಬಿಟ್ ಸಣ್ಣ. ಬೋಲ್ಟ್ ಬಿಚ್ಚುತ್ತಿದೆಯೋ ಬಿಟ್ ತಿರುಚುತ್ತಿದೆಯೋ ಕೈಗೆ ಗೊತ್ತೇ ಆಗುವುದಿಲ್ಲ. ಕಾಲಿಂಚಿನ ಚೌಕದವು ಹುಬ್ಬಳ್ಳಿಯಿಂದ ಬಂದವು.

ಸಣ್ಣ ಸೈಜಿಗೆ ರಾಚೆಟ್ ಯಾಕೆ ಬೇಡ

ಸೆಟ್ಟಿನ ಡಬ್ಬಿಗಳಲ್ಲಿ 2, 2.5, 3ರ ಬಿಟ್ ಸಾಕೆಟ್ಟೂ ಇರುತ್ತವೆ. ಚೆಂದ ಕಾಣುತ್ತವೆ. ನಾನು ಅವನ್ನು ತೆಗೆದುಕೊಳ್ಳಲಿಲ್ಲ. ಎಲನ್ ಕೀಗಳ ಐಎಸ್‌ಒ 2936 ಮಾನದಂಡದಲ್ಲಿ ಯಾವ ಸೈಜ್ ಕನಿಷ್ಠ ಎಷ್ಟು ತಿರುಚುಬಲ ತಡೆಯಬೇಕು ಅಂತ ಇದೆ. 2.5ರದ್ದು 3.8 ನ್ಯೂಟನ್ ಮೀಟರ್, 3ರದ್ದು 6.6, 4ರದ್ದು 16, 5ರದ್ದು 30, 6ರದ್ದು 52. ಮೂರರಿಂದ ಆರಕ್ಕೆ ಹೋದರೆ ದಪ್ಪ ಎರಡರಷ್ಟು, ಬಲ ಸುಮಾರು ಎಂಟರಷ್ಟು. ತಿರುಚುವ ಸರಳಿನ ಶಕ್ತಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ.

ಈಗ ರಾಚೆಟ್ ಕಡೆ ನೋಡಿ. ಕಾಲಿಂಚಿನ ರಾಚೆಟ್ಟಿನ ಹಿಡಿ ಸುಮಾರು 15 ಸೆಂಮೀ. ಅದರ ತುದಿಯನ್ನು ಹತ್ತು ಕಿಲೋ ತೂಗುವಷ್ಟು ಜೋರಿನಲ್ಲಿ ಎಳೆದರೆ 15 ನ್ಯೂಟನ್ ಮೀಟರ್ ಬರುತ್ತದೆ. ಹತ್ತು ಕಿಲೋ ಅಂದರೆ ತೋಟದ ಕೆಲಸ ಮಾಡುವ ಕೈಗೆ ಏನೂ ಅಲ್ಲ. 3ರ ಬಿಟ್ಟಿಗೆ ಅದು ಎರಡು ಸಲ ಸಾಯುವಷ್ಟು. 4ರದ್ದಕ್ಕೆ ಕಟ್ಟಕಡೆಯ ಮಿತಿ. ಎಸ್2 ಬಿಟ್ ಇದಕ್ಕಿಂತ ಹೆಚ್ಚು ತಡೆಯುತ್ತದೆ, ಸರಿ. ಆದರೆ ಬೋಲ್ಟಿನ ಗುಂಡಿ ತಡೆಯಬೇಕಲ್ಲ.

ಅದಕ್ಕೇ 2, 2.5, 3 ಮೂರನ್ನೂ ಆರು ಮೂಲೆ ಬುಡದ ಸಾದಾ ಬಿಟ್ ಆಗಿಯೇ ತಂದೆ. ದಪ್ಪ ಹಿಡಿಯ ಬಿಟ್ ಸ್ಕ್ರೂಡ್ರೈವರಿಗೆ ಹಾಕಿ ಬೆರಳಲ್ಲೇ ತಿರುಗಿಸುವುದು. ಮಣಿಕಟ್ಟಿನಿಂದ ಬರುವ ಬಲ ಆ ಸೈಜಿಗೆ ಸರಿಯಾಗಿ ಹೊಂದುತ್ತದೆ. ಹಾಗಾಗಿ ರಾಚೆಟ್ಟಿಗೆ ಬೇಕಾದ ಬಿಟ್ ಸಾಕೆಟ್ ನಾಲ್ಕೇ ನಾಲ್ಕು: 4, 5, 6, 8.

4 ಮತ್ತು 5ನ್ನು ಕೊಂಡೆ. 6 ಮತ್ತು 8ನ್ನು ಮನೆಯಲ್ಲೇ ಮಾಡಿದೆ.

ಕೀ ಕತ್ತರಿಸಿ ಸಾಕೆಟ್ ಮಾಡಿದ್ದು

ಇದರ ಗುಟ್ಟು ಏನೂ ಇಲ್ಲ. 6ರ ಎಲನ್ ಕೀ ಅಂದರೆ 6 ಮಿಮೀ ಆರು ಮೂಲೆ ಸರಳು. 6ರ ಸಾಮಾನ್ಯ ಸಾಕೆಟ್ ಅಂದರೆ 6 ಮಿಮೀ ಬೋಲ್ಟ್ ತಲೆ ಹಿಡಿಯುವ ಆರು ಮೂಲೆ ತೂತು. ಸರಳಿನ ಒಂದು ತುಂಡು ಆ ತೂತಿಗೆ ಕೂರುತ್ತದೆ. ಹಳೇ ಕಾಲಿಂಚಿನ ಸಾಕೆಟ್ ಸೆಟ್ ನನ್ನಲ್ಲಿತ್ತು, 4ರಿಂದ 13ರವರೆಗೆ. 6 ಮತ್ತು 8ರ ಸಾಕೆಟ್ ಅಪರೂಪಕ್ಕೆ ಬಳಸುತ್ತಿದ್ದೆ. ಬಿಡಿಯಾಗಿ ಒಳ್ಳೆಯ ಕಂಪನಿಯ ಎರಡು ಎಲ್ ಕೀ ತಂದರೆ ಮುಗಿಯಿತು.

ಗಟ್ಟಿ ಮಾಡಿದ ಉಕ್ಕಿಗೆ ಹ್ಯಾಕ್ಸಾ ಬ್ಲೇಡ್ ತಾಗುವುದಿಲ್ಲ, ಸುಮ್ನೆ ಜಾರುತ್ತದೆ. ಗ್ರೈಂಡರಿಗೆ ಒಂದು ಮಿಮೀ ದಪ್ಪದ ಕಟಿಂಗ್ ಚಕ್ರ ಹಾಕಬೇಕು. ಕೀಯ ಉದ್ದನೆಯ ಕಾಲಿನ ತುದಿಯಿಂದ 32 ಮಿಮೀ ಗುರುತು ಮಾಡಿದೆ. ಸಾಕೆಟ್ ಒಳಗೆ ಹೋಗುವುದು ಹತ್ತು ಹನ್ನೆರಡು, ಉಳಿದದ್ದು ಹೊರಗೆ. ಇದಕ್ಕಿಂತ ಉದ್ದ ಬಿಟ್ಟರೆ ಬಿಟ್ ಓಲಾಡುತ್ತದೆ. ಕತ್ತರಿಸುವಾಗ ಒಂದೇ ಸಲ ಒತ್ತಬಾರದು. ಎರಡು ಸೆಕೆಂಡ್ ತಾಗಿಸು, ನೀರಿಗೆ ಅದ್ದು, ಮತ್ತೆ ತಾಗಿಸು. ಕತ್ತರಿಸಿದ ಅಂಚಿನಲ್ಲಿ ತಿಳಿ ಹಳದಿ ಬಣ್ಣ ಬಂದರೆ ಸುಮಾರು 220 ಡಿಗ್ರಿ ಮುಟ್ಟಿದೆ ಅಂತ, ಅಷ್ಟು ಪರವಾಗಿಲ್ಲ. ನೀಲಿ ಬಂದರೆ 300ರ ಹತ್ತಿರ ಹೋಗಿದೆ, ಆ ಭಾಗ ಮೆತ್ತಗಾಗಿರುತ್ತದೆ. ಅದಕ್ಕೆ ಕತ್ತರಿಸಿದ ತುದಿಯನ್ನು ಸಾಕೆಟ್ ಒಳಗೆ ಹಾಕಿದೆ, ಕಾರ್ಖಾನೆಯ ತುದಿಯನ್ನು ಹೊರಗೆ ಬಿಟ್ಟೆ. ಸಣ್ಣ ವಿಷಯ, ಆದರೆ ಬಿಸಿಯಾದ ಕಡೆ ಬೋಲ್ಟಿಗೆ ತಾಗುವುದೇ ಇಲ್ಲ. ಮಧ್ಯೆ ಕರೆಂಟ್ ಹೋಗಿ ಅರ್ಧ ಕತ್ತರಿಸಿದ ಕೀ ವೈಸಿನಲ್ಲೇ ರಾತ್ರಿ ಕಳೆಯಿತು. ಮಳೆಗಾಲದಲ್ಲಿ ಗ್ರೈಂಡರ್ ಕೆಲಸ ಅಂದರೆ ಹೀಗೇ ಅಲ್ವಾ.

ಉಳಿದ ಎಲ್ ತುಂಡು ಬಿಸಾಡಬೇಡಿ. ಗಿಡ್ಡ ಕೀ ಆಗಿ ಇಕ್ಕಟ್ಟಿನ ಜಾಗಕ್ಕೆ ಅದೇ ಬೇಕಾಗುತ್ತದೆ.

ಕೂರಿಸುವ ಮೊದಲು ಎರಡನ್ನೂ ಪೆಟ್ರೋಲ್ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಬೇರಿಂಗ್ ಕೂರಿಸಲು ಬಳಸುವ ಹಸಿರು ರಿಟೇನಿಂಗ್ ಅಂಟು ನಾಲ್ಕು ಹನಿ ಹಾಕಿದೆ. ಈ ಅಂಟು ಗಾಳಿ ಸಿಗದ ಜಾಗದಲ್ಲಿ, ಲೋಹ ತಾಗಿದಾಗ ಗಟ್ಟಿಯಾಗುತ್ತದೆ. ಹೊರಗೆ ಸುರಿದದ್ದು ಹಸಿಯಾಗೇ ಇರುತ್ತದೆ, ಒರೆಸಿದರಾಯಿತು. ಒಂದು ದಿನ ಮುಟ್ಟದೆ ಬಿಟ್ಟೆ. ಬಲವನ್ನು ತಡೆಯುವುದು ಆರು ಮೂಲೆಗಳೇ. ಬಿಟ್ ಬೋಲ್ಟಿನಲ್ಲೇ ಸಿಕ್ಕಿಕೊಂಡು ಸಾಕೆಟ್ ಮಾತ್ರ ಕೈಗೆ ಬರಬಾರದು ಅಂತ ಅಂಟು.

4 ಮತ್ತು 5ನ್ನು ಹೀಗೆ ಮಾಡದೇ ಕೊಂಡದ್ದಕ್ಕೆ ಕಾರಣ ಇದೆ. ಆ ತುಂಡುಗಳು 6.35ರ ಚೌಕಕ್ಕಿಂತ ಸಣ್ಣ. ಒಳಗೆ ಮೆಟ್ಟಿಲು ಇಲ್ಲದ ಸಾಕೆಟ್ ಆದರೆ ಬಿಟ್ ಹಿಂದಕ್ಕೆ ಜಾರಿ ಚೌಕದೊಳಗೆ ನುಗ್ಗುತ್ತದೆ. ಆರರ ತುಂಡು ಮೂಲೆಯಿಂದ ಮೂಲೆಗೆ 6.9 ಮಿಮೀ ಇರುವುದರಿಂದ ಚೌಕದಲ್ಲಿ ತಡೆದು ನಿಲ್ಲುತ್ತದೆ. ಜೊತೆಗೆ, ದಿನಾ ದುಡಿಯುವ ಎರಡು ಸೈಜ್ ಒಳ್ಳೆಯದೇ ಇರಲಿ ಅನ್ನಿಸಿತು.

ಭಾವನ ಗೇರ್ ಹೆಡ್

ಅಂಟು ಒಣಗುವುದರೊಳಗೆ ಪಕ್ಕದ ಮನೆ ಭಾವ ಕಳೆ ಮಶಿನ್ ಹೊತ್ತುಕೊಂಡು ಅಂಗಳಕ್ಕೆ ಬಂದ. "ಭಾವಾ, ಬಿಚ್ಚಲೇ ಬತ್ತಿಲ್ಲೆ ಮಾರಾಯ." ಬ್ಲೇಡ್ ತಿರುಗುವ ಗೇರ್ ಹೆಡ್ ಕಿರಗುಟ್ಟುತ್ತಿತ್ತು, ಐದು ನಿಮಿಷ ಓಡಿದರೆ ಕೈ ಇಡಲಾಗದಷ್ಟು ಬಿಸಿ. ಒಳಗೆ ಗ್ರೀಸ್ ಇಲ್ಲ ಅಂತ ಅಲ್ಲೇ ಗೊತ್ತಾಯಿತು. ಹೆಡ್ ಕಳಚಿ ಬೇರಿಂಗ್ ನೋಡಬೇಕು.

ಮೊದಲು ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿ ತೆಗೆದೆ. ಬ್ಲೇಡ್ ಹತ್ತಿರ ಕೈ ಹಾಕುವ ಮೊದಲು ಇದು ಆಗಲೇಬೇಕು. ಬ್ಲೇಡಿನ ನಟ್ ಎಡ ನೂಲಿನದ್ದು (ನೂಲು ಅಂದರೆ ತಿರುಪಿನ ಗೆರೆ), ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಹೆಡ್ಡಿನ ಪಕ್ಕದ ತೂತಿಗೆ 4ರ ಎಲ್ ಕೀ ತೂರಿಸಿ ಶಾಫ್ಟ್ ತಿರುಗದಂತೆ ಹಿಡಿದುಕೊಂಡು ಅದನ್ನು ತೆಗೆದದ್ದಾಯಿತು. ಇನ್ನು ಹೆಡ್ಡನ್ನು ಅಲ್ಯುಮಿನಿಯಂ ಕೊಳವೆಗೆ ಹಿಡಿದಿರುವ ಎರಡು ಬೋಲ್ಟ್. ಕೊಳವೆಯನ್ನು ಅಪ್ಪಿ ಬಿಗಿಯುವುದು ಎಂ6, ಕೀ 5. ಜಾಗ ತಪ್ಪದಂತೆ ಹಿಡಿಯುವುದು ಎಂ5, ಕೀ 4.

ಎಂ6 ಬೋಲ್ಟಿನ ತಲೆ ನೋಡಿದರೆ ಗುಂಡಿಯೇ ಕಾಣುತ್ತಿರಲಿಲ್ಲ. ಹುಲ್ಲಿನ ರಸ, ಕೆಂಪು ಮಣ್ಣು, ಎಣ್ಣೆ ಎಲ್ಲ ಸೇರಿ ಒಣಗಿ ಗಾರೆ ಹಾಕಿದ ಹಾಗೆ ಆಗಿತ್ತು. ಹೆಚ್ಚಿನವರು ಇಲ್ಲೇ ಕೀ ಇಟ್ಟು ಒತ್ತುತ್ತಾರೆ. ಕೀ ಸ್ವಲ್ಪ ಒಳಗೆ ಹೋದ ಹಾಗೆ ಆಗುತ್ತದೆ, ತಿರುಗಿಸುತ್ತಾರೆ, ಗುಂಡಿಯ ಬಾಯಿ ಸವೆಯುತ್ತದೆ. ವರ್ನಿಯರಿನ ಬಾಲ ಇಳಿಸಿ ನೋಡಿದೆ, ಆಳ 1.4 ಮಿಮೀ. ಎಂ6 ಬೋಲ್ಟಿನ ಗುಂಡಿ ಕಡಿಮೆ ಅಂದರೂ 3 ಮಿಮೀ ಆಳ ಇರಬೇಕು. ಗೋಣಿ ಹೊಲಿಯುವ ದಬ್ಬಣ ತಂದು ಆರೂ ಮೂಲೆಯಲ್ಲಿ ಒಂದೊಂದಾಗಿ ಕೆರೆದೆ. ಕಪ್ಪು ಚೂರುಗಳು ಎದ್ದು ಬಂದವು. ಡೀಸೆಲ್ ಎರಡು ಹನಿ, ಮತ್ತೆ ಕೆರೆ, ಬಾಯಲ್ಲಿ ಊದು. ಕೊನೆಗೆ ಗುಂಡಿಯ ತಳದ ಹೊಳಪು ಕಂಡಿತು. ಅಳೆದರೆ 3.1. ಬಿಟ್ ಇಳಿಸಿದಾಗ ತಳ ಮುಟ್ಟಿ ಟಿಕ್ಕೆಂದು ಲೋಹದ ಸದ್ದು ಬರಬೇಕು. ಮೆತ್ತಗೆ ಕೂತರೆ ಒಳಗೆ ಇನ್ನೂ ಮಣ್ಣಿದೆ ಅಂತ ಅರ್ಥ.

ನೂಲಿಗೆ ಸೀಮೆಎಣ್ಣೆ ಬಿಟ್ಟು ರಾತ್ರಿ ಇಟ್ಟೆವು. ಅಲ್ಯುಮಿನಿಯಂ ಹೆಡ್ಡಿಗೆ ಉಕ್ಕಿನ ಬೋಲ್ಟ್ ಹಾಕಿ ನೀರು ಬಿದ್ದರೆ ಎರಡು ಲೋಹಗಳ ನಡುವೆ ಬ್ಯಾಟರಿಯ ಥರದ ಕೆಲಸ ನಡೆಯುತ್ತದೆ, ಅಲ್ಯುಮಿನಿಯಂ ತಿಂದುಹೋಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿ ನೂಲಿನಲ್ಲಿ ತುಂಬಿಕೊಂಡು ಬೋಲ್ಟನ್ನು ಹಿಡಿಯುತ್ತದೆ. ಮಾರನೇ ದಿನ 5ರ ಬಿಟ್ ಸಾಕೆಟ್ ಇಟ್ಟು, ಅದರ ಹಿಂಭಾಗಕ್ಕೆ ಸಣ್ಣ ಸುತ್ತಿಗೆಯಿಂದ ನಾಲ್ಕೈದು ಪೆಟ್ಟು ಕೊಟ್ಟೆ. ಎಲ್ ಕೀಗೆ ಹೀಗೆ ನೇರ ಪೆಟ್ಟು ಕೊಡುವುದು ಕಷ್ಟ, ಬಿಟ್ ಸಾಕೆಟ್ಟಿನಲ್ಲಿ ಅದೇ ದೊಡ್ಡ ಅನುಕೂಲ. ಬಿಟ್ ತಳಕ್ಕೆ ಕೂರುತ್ತದೆ, ಜೊತೆಗೆ ನೂಲಿನ ಹಿಡಿತವೂ ಸಡಿಲವಾಗುತ್ತದೆ. ಆಮೇಲೆ ರಾಚೆಟ್ ಹಾಕಿ, ಒಂದು ಕೈ ಬಿಟ್ಟಿನ ನೇರಕ್ಕೆ ಒತ್ತಿ ಹಿಡಿದು, ಇನ್ನೊಂದರಲ್ಲಿ ನಿಧಾನ ಎಳೆದೆ. ಜರ್ಕ್ ಕೊಡಲಿಲ್ಲ. ಟಕ್ಕೆಂದಿತು. ನೂಲಿನ ತುಂಬ ಬಿಳಿ ಪುಡಿ.

ಎಂ5 ಅಷ್ಟು ಸುಲಭ ಇರಲಿಲ್ಲ. ಹಿಂದೆ ಯಾರೋ ಅದನ್ನು ಬಿಚ್ಚಲು ಹೋಗಿ ಗುಂಡಿಯನ್ನು ಉರುಟು ಮಾಡಿ ಬಿಟ್ಟಿದ್ದರು. 4ರ ಬಿಟ್ ಸುತ್ತುತ್ತಿತ್ತು. ಇಂಥದ್ದಕ್ಕೆ ನಕ್ಷತ್ರದ ಟಾರ್ಕ್ಸ್ ಬಿಟ್ ಉಪಯೋಗಕ್ಕೆ ಬರುತ್ತದೆ. 4ರ ಗುಂಡಿ ಹಾಳಾದರೆ ಟಿ25, 5ರದ್ದಾದರೆ ಟಿ30 ಹೊಡೆದು ಕೂರಿಸುವುದು. ಟಿ25ರ ಹಲ್ಲುಗಳು ಸವೆದ ಗೋಡೆಗೆ ಹೊಸದಾಗಿ ಕಚ್ಚಿಕೊಂಡವು, ಬೋಲ್ಟ್ ಬಂತು. ಆ ಬಿಟ್ಟನ್ನು ಬೋಲ್ಟಿನಿಂದ ಬಿಡಿಸುವುದೇ ಇನ್ನೊಂದು ಕೆಲಸವಾಯಿತು. ಹಳೇ ಬೋಲ್ಟ್ ಬಿಸಾಕಿ, ಅಷ್ಟೇ ಉದ್ದದ ಹೊಸತು.

ಒಳಗಿನ ಬೇರಿಂಗ್ ಪುಣ್ಯಕ್ಕೆ ಉಳಿದಿತ್ತು. ಹಳೇ ಗ್ರೀಸ್ ತೊಳೆದು, ಪಕ್ಕದ ಗ್ರೀಸ್ ತೂತಿನಿಂದ ಲಿಥಿಯಂ ಗ್ರೀಸ್ ತುಂಬಿದೆ. ಮತ್ತೆ ಜೋಡಿಸುವಾಗ ಬೋಲ್ಟಿನ ನೂಲಿಗೂ ಸ್ವಲ್ಪ ಗ್ರೀಸ್ ಸವರಿದೆ. ಬಿಗಿ ಮಾಡುವಾಗ ರಾಚೆಟ್ಟಿನ ಹಿಡಿಯ ತುದಿ ಹಿಡಿಯಬಾರದು. ತಲೆಯ ಹತ್ತಿರ, ಅಂಗೈಯಲ್ಲಿ ಹಿಡಿದು ತಿರುಗಿಸಬೇಕು. 8.8 ದರ್ಜೆಯ, ಅಂದರೆ ಗಟ್ಟಿ ಉಕ್ಕಿನ, ಎಂ6 ಬೋಲ್ಟ್ ಉಕ್ಕಿನಲ್ಲಿ ಸುಮಾರು 10 ನ್ಯೂಟನ್ ಮೀಟರ್ ತಾಳುತ್ತದೆ, ಎಂ5 ಆರರ ಹತ್ತಿರ. ಅಲ್ಯುಮಿನಿಯಂ ನೂಲಿಗೆ ಅದಕ್ಕಿಂತ ಕಡಿಮೆಯೇ ಇರಲಿ. ಒಳಗಿನ ನೂಲು ಕಿತ್ತು ಬಂದರೆ ಹೆಡ್ಡೇ ಬದಲಿಸಬೇಕು.

"ಇದೇ ನಮೂನಿ ಎರಡು ಬಿಟ್ ನಂಗೂ ತರ್ಸಿ ಕೊಡು" ಅಂದ ಭಾವ. ಅವನ ಇನ್ನೊಂದು ಮಶಿನ್, ಮರ ಕೊಯ್ಯುವ ಗರಗಸ, ಸ್ಟಿಲ್ ಕಂಪನಿಯದ್ದು. ಅದಕ್ಕೆ ಈ ಬಿಟ್ ಬರುವುದಿಲ್ಲ. ಆ ಕಂಪನಿಯ ಮಶಿನ್‌ಗಳಲ್ಲಿ ಹೆಚ್ಚಿನ ಸ್ಕ್ರೂ ಟಿ27 ಟಾರ್ಕ್ಸ್. ದೂರದಿಂದ ಎಲನ್ ಥರವೇ ಕಾಣುತ್ತದೆ, ಸಣ್ಣ ಎಲನ್ ಕೀ ಒಳಗೂ ಹೋಗುತ್ತದೆ, ಹಲ್ಲುಗಳನ್ನು ಬೋಳಿಸಿ ಹಾಕುತ್ತದೆ. ಟಾರ್ಚ್ ಹಾಕಿ ನೋಡಿ. ಆರು ನೇರ ಗೋಡೆ ಇದ್ದರೆ ಎಲನ್, ಆರು ದುಂಡು ದಳ ಇದ್ದರೆ ಟಾರ್ಕ್ಸ್. ಮನೆಯಲ್ಲಿ ಆ ಗರಗಸ ಇದ್ದರೆ ಟಿ27 ಒಂದು ಸೇರಿಸಿಕೊಳ್ಳಿ, ಸೆಟ್ ಬೇಡ.

ಬಿಟ್ ತುದಿ ಸವೆದಾಗ

ಬಿಟ್ ಸವೆಯುವುದು ತುದಿಯ ಎರಡು ಮಿಮೀ ಮಾತ್ರ. ಮೂಲೆ ಉರುಟಾದರೆ ಗ್ರೈಂಡರಿನಲ್ಲಿ ತುದಿಯನ್ನು ನೇರ ಸವೆಸಿ ಹಾಕಿದರೆ ಒಳಗಿನಿಂದ ಹೊಸ ಮೂಲೆ ಬರುತ್ತದೆ. ನೀರಿಗೆ ಅದ್ದುತ್ತ ಸವೆಸಬೇಕು, ಅಷ್ಟೇ. ಹೊಸ ಬಿಟ್ಟಿನಲ್ಲೂ ತುದಿಯನ್ನು ಓರೆ ಮಾಡಿರುತ್ತಾರೆ, ಬೇಗ ಒಳಗೆ ಹೋಗಲಿ ಅಂತ. ಎತ್ತರ ತಲೆಯ ಬೋಲ್ಟಿಗೆ ತೊಂದರೆ ಇಲ್ಲ. ಎಂ5 ಬಟನ್ ಹೆಡ್ಡಿನಲ್ಲಿ ಗುಂಡಿಯ ಆಳವೇ ಒಂದೂವರೆ ಮಿಮೀ ಚಿಲ್ಲರೆ, ಅದರಲ್ಲಿ ಅರ್ಧ ಮಿಮೀ ಓರೆ ತಿಂದರೆ ಹಿಡಿಯಲು ಉಳಿಯುವುದೇನು? ನನ್ನ 3ರ ಬಿಟ್ಟಿನ ಓರೆಯನ್ನು ಮೊದಲ ದಿನವೇ ಸವೆಸಿ ಚಪ್ಪಟೆ ಮಾಡಿದೆ. ತುದಿ ಗುಂಡಾಗಿರುವ ಬಾಲ್ ಬಿಟ್ಟುಗಳನ್ನು ಓರೆಯಿಂದ ಹಾಕಬಹುದು ನಿಜ, ಆದರೆ ಕುತ್ತಿಗೆ ಸಣ್ಣ. ಸಡಿಲವಾದ ಬೋಲ್ಟ್ ಬೇಗ ತಿರುಗಿಸುವುದಕ್ಕೆ ಮಾತ್ರ ಅದು. ಕಚ್ಚಿದ್ದನ್ನು ಬಿಚ್ಚಲು ಹೋದರೆ ಗುಂಡು ಒಳಗೇ ಉಳಿಯುತ್ತದೆ.

ತುಕ್ಕು

ಎಸ್2 ಎಷ್ಟೇ ಗಟ್ಟಿಯಾದರೂ ತುಕ್ಕು ಹಿಡಿಯುವ ಉಕ್ಕೇ. ಕಾರವಾರ, ಅಂಕೋಲಾ ಕಡೆ ಸಮುದ್ರದ ಗಾಳಿಗೆ ಅದು ಇನ್ನೂ ಬೇಗ. ಅಂಕೋಲೆಯ ನಮ್ಮ ಮಾವನ ಮನೆಯಲ್ಲಿ ಕಪ್ಪು ಬಣ್ಣದ ಬಿಟ್‌ಗಳು ಕೆಂಪಾದದ್ದು ನೋಡಿದ್ದೇನೆ. ಆ ಕಪ್ಪು ಲೇಪ ಎಣ್ಣೆ ಇದ್ದರೆ ಮಾತ್ರ ತಡೆಯುತ್ತದೆ. ಅಲ್ಲಿಯವರು ದೋಣಿಗೆ, ಗೇಟಿಗೆ ಸ್ಟೇನ್‌ಲೆಸ್ ಎಲನ್ ಬೋಲ್ಟ್ ಹಾಕುತ್ತಾರೆ, ಅದು ಸರಿಯೇ. ಉಪ್ಪಿನ ಗಾಳಿಗೆ ತಲೆಯ ಮೇಲೆ ಎ2 ಬದಲು ಎ4 ಅಂತ ಇರುವುದು ಮೇಲು. ಆದರೆ ಸ್ಟೇನ್‌ಲೆಸ್ ಬೋಲ್ಟ್‌ಗೆ ಸ್ಟೇನ್‌ಲೆಸ್ ನಟ್ ಒಣದಾಗಿಯೇ ಹಾಕಿ ಬೇಗ ತಿರುಗಿಸಿದರೆ ನೂಲು ಒಂದಕ್ಕೊಂದು ಕಚ್ಚಿ ಬೆಸುಗೆ ಆಗಿಬಿಡುತ್ತದೆ. ಗ್ರೀಸ್ ಸವರಿ, ನಿಧಾನಕ್ಕೆ ತಿರುಗಿಸಬೇಕು. ಮತ್ತೆ 8.8ಕ್ಕಿಂತ ಅದು ಮೆತ್ತಗೆ, 4.86ರಂಥ ಸಡಿಲ ಬಿಟ್ಟಿಗೆ ಮೂಲೆ ಬೇಗ ಹೋಗುತ್ತದೆ.

ನಮ್ಮಲ್ಲಿ ಉಪ್ಪಿಲ್ಲ, ಆದರೆ ಮಳೆಗಾಲದ ಥಂಡಿ ಸಾಕು. ಹಲಸಿನ ಹಲಗೆಯ ತುಂಡಿಗೆ ತೂತು ಕೊರೆದು ನಾಲ್ಕು ಬಿಟ್ ಸಾಕೆಟ್, ಮೂರು ಸಣ್ಣ ಬಿಟ್, ಟಿ25 ಎಲ್ಲ ನಿಲ್ಲಿಸಿದ್ದೇನೆ. ಅದು ಇರುವುದು ಬಚ್ಚಲ ಒಲೆಯ ಆಚೆ ಬದಿಯ ಗೋಡೆಯಲ್ಲಿ. ಮಳೆಗಾಲವಿಡೀ ಒಲೆ ಉರಿಯುವುದರಿಂದ ಆ ಗೋಡೆ ಒಣ, ಬೆಚ್ಚಗೆ. ಹೊಗೆ ಬರುವ ಬದಿಯಲ್ಲಿ ಇಡಬೇಡಿ, ಮಸಿ ಥಂಡಿ ಹೀರುತ್ತದೆ. ವಾರಕ್ಕೊಮ್ಮೆ ಎಂಜಿನ್ ಆಯಿಲ್ ಬಟ್ಟೆಯಲ್ಲಿ ಒರೆಸುತ್ತೇನೆ. 5ರ ಸಾಕೆಟ್ಟಿಗೆ ಮಾತ್ರ ಸುತ್ತ ಕೆಂಪು ಬಣ್ಣದ ಪಟ್ಟಿ, ಕತ್ತಲಲ್ಲೂ ಕೈಗೆ ಸಿಗಲಿ ಅಂತ.

ಇನ್ನೂ ಉಳಿದಿರುವುದು ಅಡಿಕೆಯ ಕೊಳೆ ರೋಗಕ್ಕೆ ಔಷಧ ಹೊಡೆಯುವ ಪಂಪಿನ ಪುಲ್ಲಿ. ಆ ಔಷಧವಾದ ಬೋರ್ಡೋ ದ್ರಾವಣದ ಮೈಲುತುತ್ತ ಕಬ್ಬಿಣಕ್ಕೆ ದೊಡ್ಡ ವೈರಿ, ತಾಮ್ರ ಕಬ್ಬಿಣದ ಮೇಲೆ ಕೂತು ಕಬ್ಬಿಣ ಕರಗುತ್ತ ಹೋಗುತ್ತದೆ. ಗ್ರಬ್ ಸ್ಕ್ರೂ ಸುತ್ತ ಕೆಂಪಗೆ ತಾಮ್ರದ ಪೊರೆಯೇ ಕಾಣುತ್ತಿದೆ. ಎಂ8, ಕೀ 4. ಪುಲ್ಲಿಯ ಅಂಚು ಅಡ್ಡ ಬರುವುದರಿಂದ ನನ್ನ ಗಿಡ್ಡ ಬಿಟ್ ಮುಟ್ಟುವುದಿಲ್ಲ. 100 ಮಿಮೀ ಉದ್ದದ 4ರ ಬಿಟ್ ಸಾಕೆಟ್ ಒಂದಕ್ಕೆ ಹುಬ್ಬಳ್ಳಿಗೆ ಹೇಳಿ ಇಟ್ಟಿದ್ದೇನೆ. ಉದ್ದ ಬಿಟ್ ಜಾಸ್ತಿ ತಿರುಚುತ್ತದೆ, ಹಾಗಾಗಿ ಅದು ಬರುವವರೆಗೆ ದಿನಾ ಸಂಜೆ ಸ್ಕ್ರೂ ತಲೆಗೆ ಎರಡು ಹನಿ ಸೀಮೆಎಣ್ಣೆ ಬೀಳುತ್ತಿದೆ.